ತಿರುಗು ಹೆಸರು

ಮೀನಿನ ಜಾತಿ ಕಂಡುಹಿಡಿಯುವ ಯಂತ್ರವೊಂದು ಬಂದರೆ ಏನಾದೀತು? ಹೊನ್ನೆಕೋಡಿಯವರನ್ನು ಯಾರಾದರೂ ಮೊದಲೇ ಹೀಗೆ ಕೇಳಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಯಂತ್ರ ಬಂದ ದಿನ ನಕ್ಕದ್ದೂ ನಿಜ. ಬಂದರಿನ ಧಕ್ಕೆಯ ಮೇಲೆ, ಐಸ್ ಒಡೆಯುವ ಜಾಗದ ಪಕ್ಕದಲ್ಲಿ, ಹೊಲಿಗೆ ಯಂತ್ರದಷ್ಟು ದೊಡ್ಡ ಬಿಳಿ ಪೆಟ್ಟಿಗೆಯನ್ನು ತಂದು ಕೂರಿಸಿದಾಗ ಹೆಂಗಸರು ಮೀನು ಬುಟ್ಟಿ ಕೆಳಗಿಟ್ಟು ಸುತ್ತ ನೆರೆದರು. ಒಬ್ಬಳು ಮೀನನ್ನೆತ್ತಿ ಅದರ ಮುಖ ನೋಡಿ, ಮದುವೆ ಗಂಡಿನ ಕುಲ ಕೇಳುವವಳ ಹಾಗೆ, "ಏ ಮೀನೇ, ನಿನ್ನ ಬಳಿ ಯಾವ್ದ್? ಬೇಗ ಹೇಳ್, ಮದಿ ಮಾಡ್ಸುಕಿತ್ತ್" ಅಂದಳು. ಅಂದಿನಿಂದ ಅದಕ್ಕೆ ಜಾತಿ ಪೆಟ್ಟಿಗೆ ಎಂಬ ಹೆಸರೇ ನಿಂತಿತು. ಸರ್ಕಾರ ಇಟ್ಟ ಉದ್ದನೆಯ ಹೆಸರು ಪೆಟ್ಟಿಗೆಯ ಬೆನ್ನ ಮೇಲೆ ಅಂಟಿಕೊಂಡಿತ್ತು, ಯಾರೂ ಅದನ್ನು ಓದಲಿಲ್ಲ.

ಪೆಟ್ಟಿಗೆಯ ಕೆಲಸ ಸರಳ. ಮೀನಿನ ಮೈಯ ಲೋಳೆಯನ್ನು ಒಂದು ಹತ್ತಿಯ ಬಿಲ್ಲೆಗೆ ಒರೆಸಿ ಒಳಗೆ ತಳ್ಳಬೇಕು. ಲೋಳೆಯಲ್ಲಿರುವ ಡಿಎನ್‌ಎ ಓದಿ, ತನ್ನಲ್ಲಿರುವ ಮಾದರಿಗಳೊಂದಿಗೆ ತಾಳೆ ನೋಡಿ, ಈ ಮೀನು ಯಾವ ಗುಂಪಿನದು ಎಂದು ಅದು ಹೇಳುತ್ತದೆ. ಎಲ್ಲ ಮೀನಿಗೂ ಅಲ್ಲ, ಮುರು ಮೀನಿಗೆ ಮಾತ್ರ. ದಪ್ಪ ತುಟಿಯ, ಮೈತುಂಬ ಚುಕ್ಕಿಯ ಈ ಮುರು ಹವಳ ಬೆಳೆದ ಬಂಡೆಗಳ ಸಂದಿಯಲ್ಲಿ ಬಾಯಿ ತೆರೆದುಕೊಂಡು ಕೂತಿರುತ್ತದೆ. ಹೊನ್ನೆಕೋಡಿಯ ಎದುರಿನ ಕಡಲಲ್ಲಿ ಅಂಥ ದಿಬ್ಬಗಳು ಎರಡೇ. ಬಡಗು ದಿಕ್ಕಿನದು ಬಡಗಣ ಕಲ್ಲು, ತೆಂಕು ದಿಕ್ಕಿನದು ತೆಂಕಣ ಕಲ್ಲು. ಎರಡೂ ಕಡೆಯ ಮುರು ಮೀನು ಕಣ್ಣಿಗೆ ಒಂದೇ, ಬಾಯಿಗೂ ಒಂದೇ. ಆದರೆ ಎಷ್ಟೋ ಸಾವಿರ ವರ್ಷಗಳಿಂದ ಈ ಕಲ್ಲಿನ ಮೀನು ಆ ಕಲ್ಲಿಗೆ ಹೋಗಿಲ್ಲ, ಕೂಡಿಲ್ಲ. ಒಂದು ಕಲ್ಲು ಬರಿದಾದರೆ ಇನ್ನೊಂದರಿಂದ ಬಂದು ತುಂಬುವವರಿಲ್ಲ.

ಯಂತ್ರ ಬರುವುದಕ್ಕೆ ಕೆಲವು ವರ್ಷ ಮೊದಲು ಸರ್ವೆಯವರು ಧಕ್ಕೆಯ ಮೇಲೆ ನಿಂತು ದೋಣಿಗಳಿಂದ ಮುರು ಮೀನಿನ ಮಾದರಿ ತೆಗೆದುಕೊಂಡಿದ್ದರು. ಎಲ್ಲಿ ಹಿಡಿದದ್ದು ಎಂದು ಕೇಳಿದರು, ಮೀನುಗಾರರು ಹೇಳಿದ್ದನ್ನು ಬರೆದುಕೊಂಡರು. ಆ ಮಾದರಿಗಳಿಂದ ಎರಡು ಗುಂಪು ನಿಚ್ಚಳವಾಗಿ ಬೇರೆಯಾದವು. ಮೊದಲನೇ ಗುಂಪು ಬಡಗಣ ಕಲ್ಲಿನದು, ಸಮೃದ್ಧ. ಎರಡನೇ ಗುಂಪು ತೆಂಕಣ ಕಲ್ಲಿನದು, ಅಳಿವಿನಂಚಿನಲ್ಲಿದೆ. ಹಾಗಾಗಿ ತೆಂಕಣ ಕಲ್ಲಿಗೆ ಕಾನೂನಿನ ಬೀಗ ಬಿತ್ತು, ಕಾವಲು ದೋಣಿ ಬಂತು. ಎರಡನೇ ಗುಂಪಿನ ಮೀನು ಧಕ್ಕೆಗೆ ಬಂದರೆ ಪೆಟ್ಟಿಗೆಯ ಮೇಲೆ ಕೆಂಪು ದೀಪ ಹತ್ತುತ್ತದೆ. ಹತ್ತಿದರೆ ಮೀನು ಹೋಯಿತು, ಒಂದೇ ಸಲಕ್ಕೆ ಬಹಳ ಹತ್ತಿದರೆ ದೋಣಿಯೂ ಹೋಯಿತು.

ಊರಿನ ಗುಡ್ಡದ ಮೇಲಿದ್ದ ನಿಗಾ ಕೇಂದ್ರದಲ್ಲಿ ಜಲಜಾಕ್ಷಿ ಈ ದೀಪಗಳ ಲೆಕ್ಕ ನೋಡುವವಳು. ಹೊನ್ನೆಕೋಡಿಯದೇ ಹುಡುಗಿ. ಅವಳ ಅಪ್ಪ ಕಡಲಿಗೆ ಹೋದವನು ಮರಳಲಿಲ್ಲ. ಇನ್ನು ಈ ಮಗು ಕಡಲ ಗಾಳಿಯೇ ಸೋಕದೆ ಬೆಳೆಯಲಿ ಎಂದು ತಾಯಿ ಅವಳನ್ನು ಘಟ್ಟದ ಮೇಲಿನ ಹಾಸ್ಟೆಲಿಗೆ ಹಾಕಿದಳು. ಹುಡುಗಿ ಓದಿದ್ದು ಮಾತ್ರ ಮೀನನ್ನೇ. ಪದವಿಗಳನ್ನು ಹೊತ್ತು ಊರಿಗೆ ಬಂದಾಗ ತಾಯಿ ಇರಲಿಲ್ಲ, ಅಣ್ಣ ಶೀನ ಇದ್ದ, ಅತ್ತಿಗೆ ಗುಲಾಬಿ ಇದ್ದಳು.

ಆ ಚಳಿಗಾಲ ಜಲಜಾಕ್ಷಿಗೆ ಸರಿಯಾಗಿ ನಿದ್ದೆಯಿರಲಿಲ್ಲ. ಎರಡನೇ ಗುಂಪಿನ ರಕ್ತಸಂಬಂಧ ಲೆಕ್ಕ ಹಾಕಿದಾಗಲೆಲ್ಲ ಅದೇ ಉತ್ತರ ಬರುತ್ತಿತ್ತು. ಮೊಟ್ಟೆ ಇಡಬಲ್ಲ ಹಿರಿಮೀನುಗಳು ಒಂದು ಮದುವೆ ಚಪ್ಪರದಡಿ ಕೂರುವಷ್ಟು ಉಳಿದಿವೆ. ಮುರು ಮೀನುಗಳೆಲ್ಲ ಹುಟ್ಟುವುದು ಹೆಣ್ಣಾಗಿ. ಬೆಳೆದು ದೊಡ್ಡವಾದವು ಮಾತ್ರ ಗಂಡಾಗುತ್ತವೆ, ಗಾಳಕ್ಕೆ ಮೊದಲು ಸಿಗುವವೂ ಅವೇ. ಮಾಘದ ಹುಣ್ಣಿಮೆಯ ಸಂಜೆ ಅವೆಲ್ಲ ಕಲ್ಲಿನ ಒಂದೇ ಮೂಲೆಯಲ್ಲಿ ಒಟ್ಟಾಗುತ್ತವೆ. ಆ ಒಂದು ಸಂಜೆ ಯಾರಾದರೂ ಅಲ್ಲಿ ಗಾಳ ಇಳಿಸಿದರೆ ಕತೆ ಮುಗಿಯಿತು. ಕಲ್ಲಿಗೆ ಬೀಗ ಹಾಕಿದ್ದರೂ ಕೆಂಪು ದೀಪ ನಿಲ್ಲಲಿಲ್ಲ, ದಿನೇ ದಿನೇ ಹೆಚ್ಚಿತು. ಕೇಂದ್ರದವರು ಕಾವಲಿಗೆ ಇನ್ನೊಂದು ದೋಣಿ ಹಾಕಿದರು. ಕೆಂಪು ಇನ್ನೂ ಹೆಚ್ಚಿತು.

"ಈ ಊರು ಕಳ್ಳರ ಊರು ಅಂದ್ರ ನಿನಗ ಬ್ಯಾಸರ ಆಗಬಾರ್ದವಾ" ಎಂದು ನಿರ್ದೇಶಕ ವಿರೂಪಾಕ್ಷ ದೇಸಾಯಿ ಒಂದು ದಿನ ಪರದೆಯಿಂದ ಕಣ್ಣು ಕೀಳದೆ ಹೇಳಿದರು. ಬೆಳಗಾವಿ ಕಡೆಯವರು, ಕೆಟ್ಟ ಮನುಷ್ಯರಲ್ಲ. "ಕಾವಲಿನ ಕಣ್ಣ ತಪ್ಪಿಸಿ ಹ್ಯಾಂಗ ಹೋಗ್ತಾರ ಅನ್ನೂದ ನನಗ ತಿಳೀವಲ್ದು."

ಜಲಜಾಕ್ಷಿಗೂ ತಿಳಿಯಲಿಲ್ಲ. ಊರಿನ ಚಿಕ್ಕ ದೋಣಿಗಳಲ್ಲಿ ಜಾಡು ತೋರಿಸುವ ಉಪಕರಣವೂ ಇರಲಿಲ್ಲ. ಅವಳಿಗೆ ನಾಚಿಕೆಯಾಗುತ್ತಿತ್ತು.

ಹುಣ್ಣಿಮೆಗೆ ಇನ್ನೊಂದು ವಾರವಿದೆ ಎನ್ನುವಾಗ ಶೀನನ ದೋಣಿ ಸಿಕ್ಕಿಬಿತ್ತು. ಅವನು ತಂದ ಮುರು ಮೀನುಗಳಿಗೆ ಒಂದಾದ ಮೇಲೊಂದು ಕೆಂಪು ಹತ್ತಿತು. ತಪಾಸಣೆಯ ಅಧಿಕಾರಿ ಎಲ್ಲರೆದುರು ಕೇಳಿದ: "ಎಲ್ಲಿ ಹಿಡಿದದ್ದು?"

ಶೀನ ಕಣ್ಣು ಮಿಟುಕಿಸಲಿಲ್ಲ. "ತೆಂಕ್ ಕಲ್ಲಂಗೆ" ಅಂದ.

ಸುತ್ತ ನಿಂತ ಗಂಡಸರು ನೆಲ ನೋಡಿದರು. ಅಧಿಕಾರಿಗೆ ಇನ್ನೇನು ಬೇಕು? ಕಳ್ಳ ತಾನಾಗಿಯೇ ಒಪ್ಪಿಕೊಂಡಿದ್ದ. ದೋಣಿಗೆ ಸರಪಳಿ ಬಿತ್ತು, ಲೈಸನ್ಸ್ ಹೋಯಿತು.

ಮನೆಗೆ ಬಂದ ಜಲಜಾಕ್ಷಿ ಚಪ್ಪಲಿ ಬಿಡುವ ಮೊದಲೇ ಸಿಡಿದಳು. "ಅಣ್ಣಾ, ನನ್ನ ಮರ್ಯಾದೆ ತೆಗೆದೆ. ಬೇರೆ ಯಾರೋ ಆಗಿದ್ದರೆ ಸರಿ. ನಾನು ರಾತ್ರಿ ಹಗಲು ಆ ಮೀನು ಉಳೀಬೇಕು ಅಂತ ಸಾಯ್ತಾ ಇದ್ದೇನೆ, ನೀನು ಕದ್ದು ಅಲ್ಲಿಗೇ ಹೋಗ್ತೀಯಾ?"

ಶೀನ ಅನ್ನ ಕಲಸುತ್ತಿದ್ದವನು ಕೈ ನಿಲ್ಲಿಸಿದ. "ಎಲ್ಲಿಗ್ ಹೋಯ್ದೆ ನಾನ್?"

"ತೆಂಕಣ ಕಲ್ಲಿಗೆ!"

"ನಾನ್ ಎಂತಕ್ ಅಲ್ಲಿಗ್ ಹೋಪುದ್? ಕಾವಲಿತ್ತಲೆ ಅಲ್ಲಿ. ನಾನ್ ಹೋದ್ದ್ ಬಡಗ್ ಕಲ್ಲಿಗೆ."

"ಮತ್ತೆ ಅವರ ಹತ್ತಿರ ತೆಂಕ್ ಅಂದೆಯಲ್ಲ!"

ಶೀನ ಅವಳನ್ನು ವಿಚಿತ್ರವಾಗಿ ನೋಡಿದ. "ಮೀನ್ ದೋಣಿಯಂಗೇ ಇತ್ತಲ್ದಾ ಮಾರಾಯ್ತಿ. ಮತ್ತೆ ಹ್ಯಾಂಗ್ ಹೇಳುದ್?"

ಗುಲಾಬಿ ಸಾರಿನ ಪಾತ್ರೆ ಹಿಡಿದು ನಿಂತಿದ್ದಳು. "ನಿಂಗ್ ಗೊತ್ತಿಲ್ಯಾ ಜಲಜ? ಮೀನ್ ಮಾರಿ ಆಪು ತನ್ಕ ಕಲ್ಲಿನ್ ಹೆಸ್ರ್ ತಿರ್ಗ್ಸಿಯೇ ಹೇಳುದ್. ಬಡಗಿಗ್ ತೆಂಕ್ ಅಂಬುದ್, ತೆಂಕಿಗ್ ಬಡಗ್ ಅಂಬುದ್. ಸರಿ ಹೆಸ್ರ್ ಹೇಳಿರೆ ಕಲ್ಲಿಗೆ ಕೇಂತ್. ಕೇಂಡ್ರೆ ಮತ್ತೆ ಮೀನ್ ಕೊಡುದಿಲ್ಲ."

"ಎಲ್ಲರೂ ಹೀಗೇ ಹೇಳುದಾ?"

"ಅಪ್ಪಯ್ಯನ ಕಾಲದಿಂದ್ಲೂ" ಅಂದ ಶೀನ. "ನಮ್ಮೊಳಗ್ ಯಾರಿಗೂ ತಪ್ಪುದಿಲ್ಲ. ತೆಂಕ್ ಅಂದ್ರೆ ಬಡಗ್ ಅಂದೇ ಕೇಂಬುದ್."

ಜಲಜಾಕ್ಷಿ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು. ಸರ್ವೆಯವರು ಮಾದರಿ ತೆಗೆದದ್ದು ಧಕ್ಕೆಯ ಮೇಲೆ. ಮೀನು ದೋಣಿಯಲ್ಲಿದ್ದಾಗ, ಮಾರುವ ಮೊದಲು. ಒಬ್ಬೊಬ್ಬ ಮೀನುಗಾರನೂ ಕಲ್ಲಿಗೆ ಕೇಳಿಸೀತೆಂದು ಭಯಭಕ್ತಿಯಿಂದ ತಿರುಗು ಹೆಸರನ್ನೇ ಹೇಳಿದ್ದ. ಯಂತ್ರ ಗುಂಪುಗಳನ್ನು ಸರಿಯಾಗಿಯೇ ಬೇರ್ಪಡಿಸಿತ್ತು, ಅವುಗಳಿಗೆ ಅಂಟಿಸಿದ ಕಲ್ಲಿನ ಹೆಸರು ಮಾತ್ರ ಅದಲುಬದಲು. ಅಳಿಯುತ್ತಿರುವ ಎರಡನೇ ಗುಂಪು ಇರುವುದು ಬಡಗಣ ಕಲ್ಲಿನಲ್ಲಿ. ತೆಂಕಣ ಕಲ್ಲಿಗೆ ಬೀಗ ಬಿದ್ದ ಮೇಲೆ ಊರಿನ ದೋಣಿಗಳೆಲ್ಲ ಹೋಗಿ ಬಿದ್ದದ್ದು ಅದರ ಮೇಲೇ. ಕೆಂಪು ದೀಪ ಹೆಚ್ಚಿದಷ್ಟೂ ಕೇಂದ್ರ ಇಲ್ಲದ ಕಳ್ಳರನ್ನು ಹುಡುಕುತ್ತ ತಪ್ಪು ಕಲ್ಲನ್ನು ಕಾದಿತ್ತು. ಈ ಹುಣ್ಣಿಮೆಗೆ ಬಡಗಣ ಕಲ್ಲನ್ನು ಹೊರ ಬಂದರಿನ ದೊಡ್ಡ ಬೋಟುಗಳಿಗೂ ತೆರೆಯುವುದೆಂದು ಆಗಲೇ ಪ್ರಕಟವಾಗಿತ್ತು.

ಅವಳು ಇದನ್ನೆಲ್ಲ ಒಂದೇ ಉಸಿರಿಗೆ ಅಣ್ಣನಿಗೆ ಹೇಳಿದಳು. ಶೀನನ ಕೈಯಲ್ಲಿನ ಅನ್ನ ಒಣಗಿತು.

ಮರುದಿನ ದೇಸಾಯಿಯವರು ಅವಳ ಮಾತನ್ನು ಪೂರ್ತಿ ಕೇಳಿದರು. ನಗಲಿಲ್ಲ, ಅದಕ್ಕಾಗಿ ಜಲಜಾಕ್ಷಿಗೆ ಅವರ ಮೇಲೆ ಗೌರವ ಹೆಚ್ಚಿತು. ಆಮೇಲೆ ಕನ್ನಡಕ ತೆಗೆದು ಮೂಗು ಒತ್ತಿಕೊಂಡರು.

"ನೀ ಹೇಳೂದು ಖರೇ ಇರಬಹುದು. ಆದರ ನೋಡವಾ, ದೋಣಿ ಸಿಕ್ಕಿದ್ದು ನಿಮ್ಮಣ್ಣಂದು. ಮರುದಿನಾನ ನೀ ಬಂದು ನಕಾಶೆ ಉಲ್ಟಾ ಆಗೇತಿ ಅಂದ್ರ ಮ್ಯಾಲಿನವರು ಏನಂತಾರ?"

"ನಾನೇ ಬಡಗಣ ಕಲ್ಲಿಗೆ ಹೋಗಿ ಒಂದು ಮೀನು ತರ್ತೇನೆ ಸರ್. ಪೆಟ್ಟಿಗೆಗೆ ಹಾಕಿ ನೋಡಿ."

"ನೀ ತಂದ ಮೀನು ನಡೀಯೂದಿಲ್ಲ. ನೀ ಅವನ ತಂಗಿ." ಕೇಂದ್ರದವರೇ ಯಾವ ಕಲ್ಲಿನಿಂದ ಮೀನು ತೆಗೆಯಲೂ ಸಮಿತಿಯ ಒಪ್ಪಿಗೆ ಬೇಕು, ಅದಕ್ಕೆ ತಿಂಗಳು ಹಿಡಿಯುತ್ತದೆ. ಮುಳುಗುಗಾರರನ್ನು ಕರೆಸಲು ಇನ್ನೂ ಹೆಚ್ಚು. ಕೊನೆಗೆ ದೇಸಾಯಿಯವರೇ ದಾರಿ ಹುಡುಕಿದರು. ಸರ್ವೆಯ ಖಾಸಗಿ ತಂಡವೊಂದನ್ನು ಹೊರಗಿನಿಂದ ಕರೆಸುವುದು. ಅವರು ಧಕ್ಕೆಯಲ್ಲಿ ನಿಂತು ಮತ್ತೆ ಕೇಳುತ್ತಾರೆ, ಮತ್ತೆ ಮಾದರಿ ತೆಗೆಯುತ್ತಾರೆ. "ಈ ಸಲ ಅವರು ಹೇಳಿದ ಹೆಸರು ತಿರುಗಿಸಿ ಬರ್ಕೋರಿ ಅಂತ ನಾನ ಹೇಳ್ತೇನಿ. ನಿನ್ನ ಮಾತು ಖರೇ ಇದ್ರ, ಎರಡನೇ ಗುಂಪು ಬಡಗಣ ಕಲ್ಲಿಗೆ ಹೊಂದ್ತದ. ಅವತ್ತ ಹುಕುಂ ಬದಲಿ ಮಾಡಸ್ತೇನಿ. ಆದರ ಈ ಮಾತು ಮನ್ಯಾಗ ಆಡಬ್ಯಾಡ. ಮೊದಲ ತಿಳದ್ರ ಅವರು ಹೇಳೂದು ಬದಲ ಆಗ್ತದ. ನೀನೂ ಆ ದಿನ ಧಕ್ಕೆಗೆ ಬರಬ್ಯಾಡ."

ಜಲಜಾಕ್ಷಿ ಮಾತು ಕೊಟ್ಟಳು. ಕೊಟ್ಟ ಮಾತಿಗೆ ನಿಂತಳು. ಸರ್ವೆಯವರು ಮತ್ತೆ ಬರುತ್ತಾರಂತೆ ಎಂಬ ಸುದ್ದಿ ಊರಲ್ಲಿ ಹರಡಿದಾಗಲೂ ತುಟಿ ಬಿಚ್ಚಲಿಲ್ಲ. ಬಿಚ್ಚುವ ಅಗತ್ಯವೇನಿತ್ತು? ಅಪ್ಪಂದಿರ ಕಾಲದಿಂದ ತಪ್ಪದ ನಡೆ ಒಂದು ದಿನಕ್ಕೆ ತಪ್ಪೀತೇ?

ಅದೇ ವೇಳೆಗೆ ಶೀನ ಊರಿನ ಗಂಡಸರನ್ನು ಬಲೆ ಹೆಣೆಯುವ ಚಪ್ಪರದಲ್ಲಿ ಕೂಡಿಸಿದ್ದ. ತಂಗಿಯ ಕಿವಿಗೆ ಹಾಕಿರಲಿಲ್ಲ, ಅವಳ ನೌಕರಿಗೆ ತೊಂದರೆಯಾದೀತು ಎಂಬ ಹೆದರಿಕೆ. ಆಫೀಸಿನವರು ನಮ್ಮ ತಿರುಗು ಹೆಸರನ್ನೇ ನಂಬಿ ಹಾಳಾದರು, ಈ ಸಲ ನಾವು ಸರಿ ಹೆಸರು ಹೇಳಬೇಕು ಅಂದ.

ಎಲ್ಲರಿಗಿಂತ ಹಿರಿಯನಾದ ಚಿಕ್ಕು ಮರಕಾಲ ತಲೆಯಾಡಿಸಿದ. "ಮೀನ್ ದೋಣಿಯಂಗೆ ಇಪ್ಪ ಹೊತ್ತಿಗೆ ಸರಿ ಹೆಸ್ರಾ? ಶೀನ, ಕಲ್ಲಿಗೆ ಕೇಂತ್. ನಾ ಹೇಳುದಿಲ್ಲ."

"ಅಲ್ಲ ಚಿಕ್ಕಣ್ಣ, ನಮ್ಮನಿ ಹೆಣ್ಣ್ ಅಷ್ಟ್ ದೊಡ್ಡ್ ಆಫೀಸಂಗೆ ಒಬ್ಳೇ ನಿಂತ್ಕಂಡ್ ನಮ್ ಬದಿಗ್ ಮಾತಾಡ್ತಿತ್ತ್. ಅದ್ರ ಮಾತ್ ಸುಳ್ಳಾದ್ರೆ ಅದನ್ನೂ ಕಳ್ಳಿ ಅಂತ್ರ್. ಒಂದ್ ದಿನಕ್ಕೆ ಮಾತ್ರ. ಆ ಮೇಲೆ ಕಲ್ಲಿಗೆ ನಾನೇ ತಪ್ಪ್ ಕಾಣಿಕೆ ಹಾಕ್ತೆ."

ಗಂಡಸರು ಚಿಕ್ಕುವಿನ ಮುಖ ನೋಡಿದರು. ಕೊನೆಗೆ ಮುದುಕ ಎದ್ದು ನಿಂತ. "ಆ ಹುಡ್ಗಿಗಾಯಿ" ಅಂದ.

ಸರ್ವೆಯ ದಿನ ಧಕ್ಕೆಯ ಮೇಲೆ ನಡೆದದ್ದನ್ನು ನೆನೆದರೆ ಈಗಲೂ ಊರಿನವರ ಮೈ ಜುಂ ಅನ್ನುತ್ತದೆ. ದೋಣಿಗಳು ಬಂದವು. ನೀಲಿ ಅಂಗಿಯ ಅಪರಿಚಿತ ಹುಡುಗಿಯರು ಎಲ್ಲಿ ಹಿಡಿದದ್ದು ಎಂದು ಕೇಳಿದರು. ಗಂಡಸರು ಒಬ್ಬೊಬ್ಬರಾಗಿ ಬೆವರುತ್ತ, ಕಡಲಿನ ಕಡೆ ಬೆನ್ನು ಹಾಕಿ, ಹುಟ್ಟಿದ ಮೇಲೆ ಮೊದಲ ಸಲ ಮೀನಿನೆದುರು ಸರಿ ಹೆಸರು ಹೇಳಿದರು. ಬಡಗ್ ಕಲ್ಲ್. ಬಡಗ್ ಕಲ್ಲ್. ಚಿಕ್ಕು ಮರಕಾಲ ಹೇಳುವಾಗ ಕಣ್ಣು ಮುಚ್ಚಿಕೊಂಡ. ಹುಡುಗಿಯರು ತಮಗೆ ಕೊಟ್ಟ ಸೂಚನೆಯಂತೆ ಪ್ರತಿಯೊಂದನ್ನೂ ತಿರುಗಿಸಿ, ತೆಂಕಣ ಕಲ್ಲು ಎಂದು ಬರೆದುಕೊಂಡರು. ಅವರದೇನೂ ತಪ್ಪಿಲ್ಲ.

ಫಲಿತಾಂಶ ಬಂದದ್ದು ಹುಣ್ಣಿಮೆಯ ದಿನ ಮಧ್ಯಾಹ್ನ. ದೇಸಾಯಿಯವರು ಜಲಜಾಕ್ಷಿಯನ್ನು ಒಳಗೆ ಕರೆದು ಪರದೆಯನ್ನು ಅವಳ ಕಡೆ ತಿರುಗಿಸಿದರು. ಎರಡನೇ ಗುಂಪು, ತೆಂಕಣ ಕಲ್ಲು. ಹಳೆಯ ನಕಾಶೆಯೇ ಸರಿ. ಅನುಮಾನಕ್ಕೆ ಎಡೆಯೇ ಇಲ್ಲದಷ್ಟು ಸರಿ.

"ಅಣ್ಣನ ಮ್ಯಾಲಿನ ಪ್ರೀತಿ ತಪ್ಪಲ್ಲವಾ" ಎಂದು ಮೆಲ್ಲಗೆ ಹೇಳಿದರು. "ಆದರ ಅವ ನಿನಗ ಸುಳ್ಳ ಹೇಳ್ಯಾನ." ಬಡಗಣ ಕಲ್ಲು ಸಂಜೆಯಿಂದ ಎಲ್ಲರಿಗೂ ಮುಕ್ತ ಎಂಬ ಹುಕುಂ ಆಗಲೇ ಹೊರಟಿತ್ತು.

ಜಲಜಾಕ್ಷಿ ಗುಡ್ಡ ಇಳಿದು ಮನೆಗೆ ಹೋದಳು. ಶೀನ ಜಗುಲಿಯಲ್ಲಿ ಕೂತಿದ್ದ, ಅವಳನ್ನು ನೋಡಿ ಎದ್ದು ನಕ್ಕ. ಆ ನಗು ನೋಡಿ ಅವಳಿಗೆ ಹೊಡೆಯಬೇಕೆನಿಸಿತು.

"ನನಗೆ ಸುಳ್ಳು ಹೇಳಿದೆಯಲ್ಲ ಅಣ್ಣಾ. ತಿರುಗು ಹೆಸರೂ ಇಲ್ಲ, ಎಂತದೂ ಇಲ್ಲ. ತೆಂಕಣ ಕಲ್ಲಿನದೇ ಮೀನು ಅದು."

"ಸುಳ್ಳಾ? ಅಲ್ಲ, ನಾವೆಲ್ಲ ಸರಿ ಹೆಸ್ರೇ ಹೇಳ್ದೊ! ಚಿಕ್ಕಣ್ಣ ಸಮೇತ ಬಡಗ್ ಅಂತಲೇ ಹೇಳಿಯಾಯ್ತ್! ನಿನ್ ಸಲ್ವಾಯಿ, ಕಲ್ಲಿಗ್ ಕೇಂಡ್ರೂ ಅಡ್ಡಿಲ್ಲ ಅಂದ್ಕಂಡ್..."

ಅವನು ಮುಂದೇನು ಹೇಳಿದನೋ ಅವಳಿಗೆ ಕೇಳಿಸಲಿಲ್ಲ. ಅವರು ತಿರುಗಿಸದೆ ಹೇಳಿದ್ದರು. ಇವರು ತಿರುಗಿಸಿ ಬರೆದಿದ್ದರು. ಅಣ್ಣ ಅವಳಿಗಾಗಿ ಹೇಳಿದ ಒಂದು ನಿಜವನ್ನು ಅವಳೇ ಗುಟ್ಟು ಕಾಯ್ದು ಸುಳ್ಳಾಗಿಸಿದ್ದಳು.

"ಎಂತ ಮಾಡ್ದೆ ಜಲಜ?" ಗುಲಾಬಿ ಅವಳ ತೋಳು ಹಿಡಿದು ಅಲುಗಿಸಿದಳು. ಜಲಜಾಕ್ಷಿ ಹೇಳಿದಳು. ಗುಲಾಬಿ ಸೆರಗು ಬಾಯಿಗೊತ್ತಿಕೊಂಡಳು. ಶೀನ ಪಕ್ಕದ ಮನೆಯವರ ದೋಣಿ ಕೇಳಿಕೊಂಡು ಕಡಲಿನ ಕಡೆ ಓಡಿದ.

ಅವಳು ಮತ್ತೆ ಗುಡ್ಡ ಹತ್ತಿದಾಗ ಸೂರ್ಯ ಇನ್ನೂ ಇದ್ದ. ನಿಗಾ ಕೊಠಡಿಯ ದೊಡ್ಡ ಪರದೆಯ ಮೇಲೆ ಹೊರ ಬಂದರಿನ ಬೋಟುಗಳು ಚುಕ್ಕಿಗಳಾಗಿ ಕಾಣುತ್ತಿದ್ದವು, ಬೆಲ್ಲಕ್ಕೆ ಮುತ್ತಿದ ಇರುವೆಗಳಂತೆ ಬಡಗಣ ಕಲ್ಲಿನ ಸುತ್ತ. ತೆಂಕಣ ಕಲ್ಲಿನ ಹತ್ತಿರ ಕಾವಲು ದೋಣಿಗಳು ಎರಡು, ಅಷ್ಟೇ. ದೇಸಾಯಿಯವರಿಗೆ ವಿಷಯ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ರಾಜಧಾನಿಗೆ ಫೋನು ಮಾಡಿದರು. ಬೆಳಗ್ಗೆ ಸಭೆಗೆ ಇಡೋಣ ಎಂಬ ಉತ್ತರ ಬಂತು. ವೈರ್‌ಲೆಸ್ ಎತ್ತಿ ತಾವೇ ಕೂಗಿದರು. "ಬಡಗಣ ಕಲ್ಲಿನ ಎಲ್ಲಾ ಬೋಟಿನವರ ಗಮನಕ್ಕ, ಗಾಳ ಮ್ಯಾಲೆ ತಗೀರಿ, ಕೈ ಮುಗೀತೇನಿ, ತಗೀರಿ!"

ಹುಕುಂ ಎಲ್ಲಿದೆ ಎಂದು ಒಂದು ದನಿ ಕೇಳಿತು. ಇನ್ನೊಂದು ದನಿ, "ಸಾರ್, ಇಂಥಾ ಮೀನು ಜನ್ಮದಲ್ಲಿ ನೋಡಿರಲಿಲ್ಲ, ಗಾಳ ಮುಟ್ಟಿದರೆ ಸಾಕು ಬರ್ತಾ ಇವೆ" ಎಂದು ಸಂತೋಷದಿಂದ ಕೂಗಿತು. ಆಮೇಲೆ ನಗು, ಎಂಜಿನ್ ಸದ್ದು. ದೇಸಾಯಿಯವರು ಮೈಕು ಕೆಳಗಿಟ್ಟರು.

ಬೆಳಗ್ಗೆ ಬೋಟುಗಳು ಹೊನ್ನೆಕೋಡಿಯ ಧಕ್ಕೆಗೇ ಬಂದವು. ಜಾತಿ ಪೆಟ್ಟಿಗೆಯ ಮುಂದೆ ರಾಶಿ ಬಿತ್ತು. ಕೆಂಪು. ಕೆಂಪು. ಕೆಂಪು. ಎಷ್ಟೆಂದು ದೋಣಿ ಹಿಡಿಯುವುದು? ಬಡಗಣ ಕಲ್ಲು ಮುಕ್ತ ಎಂಬ ಹುಕುಂ ಎಲ್ಲರ ಕೈಯಲ್ಲೂ ಇತ್ತು. ಪೆಟ್ಟಿಗೆ ಕೆಟ್ಟಿದೆ ಎಂದು ಅಧಿಕಾರಿ ಅದನ್ನು ಆರಿಸಿಬಿಟ್ಟ. ಹೆಂಗಸರು ಮೀನಿನ ಹೊಟ್ಟೆ ಸೀಳಿದಾಗ ಬರೀ ಮೊಟ್ಟೆ. ಆ ಬೆಳಗ್ಗೆ ಯಾರೂ ತಮಾಷೆ ಮಾಡಲಿಲ್ಲ. ಶೀನ ಮರಳಿ ಬಂದಾಗ ಗಂಟಲು ಪೂರ್ತಿ ಬಿದ್ದುಹೋಗಿತ್ತು. ಬೋಟಿನಿಂದ ಬೋಟಿಗೆ ಹೋಗಿ ಕೂಗಿದ್ದನಂತೆ. ಒಬ್ಬರು ಬಾಟಲಿ ಎಸೆದರಂತೆ.

"ಹೆಸ್ರ್ ಹೇಳಿದ್ದ್ ನಾವ್" ಅಂದ ಚಿಕ್ಕು ಮರಕಾಲ, ಜಲಜಾಕ್ಷಿ ಹತ್ತಿರ ಹೋದಾಗ. "ಅದಕ್ಕ್ ಕೇಂಡ್ತ್. ನೀ ಅಳ್ಬೇಡ ಮಗಾ."

ತಪ್ಪು ಅವರದಲ್ಲ ಎಂದು ಅವಳು ಹೇಳಬೇಕೆಂದುಕೊಂಡಳು. ಹೇಳಿದರೆ ನಂಬುವವರಿರಲಿಲ್ಲ.

ತಿಂಗಳುಗಳ ನಂತರ ಸಮಿತಿ ನಕಾಶೆಯನ್ನು ತಿದ್ದಿತು. ಬೀಗ ಬಡಗಣ ಕಲ್ಲಿಗೆ ಹೋಯಿತು, ಶೀನನ ದೋಣಿ ಬಿಡುಗಡೆಯಾಯಿತು. ಮಳೆಗಾಲ ಕಳೆದು ಕಡಲು ತೆರೆದ ಮೇಲೆ ಧಕ್ಕೆಯ ಪೆಟ್ಟಿಗೆಯಲ್ಲಿ ಹಸಿರು ದೀಪವಷ್ಟೇ ಹತ್ತತೊಡಗಿತು. ದಿನ ದಿನವೂ ಹಸಿರು. ಒಂದೇ ಒಂದು ಉಲ್ಲಂಘನೆ ಇಲ್ಲದ ಬಂದರು ಎಂದು ರಾಜಧಾನಿಯಿಂದ ಹೊನ್ನೆಕೋಡಿಗೆ ಪ್ರಶಸ್ತಿ ಬಂತು. ದೇಸಾಯಿಯವರು ಅದನ್ನು ತೆಗೆದುಕೊಳ್ಳಲು ಹೋಗಲಿಲ್ಲ, ವರ್ಗ ಮಾಡಿಸಿಕೊಂಡು ಊರು ಬಿಟ್ಟರು.

ಜಲಜಾಕ್ಷಿ ಬಿಡಲಿಲ್ಲ. ಬಡಗಣ ಕಲ್ಲಿಗೆ ಇಳಿದ ಮುಳುಗುಗಾರರು ಹವಳ ಚೆನ್ನಾಗಿದೆ, ಮುರು ಮೀನು ಕಾಣಲಿಲ್ಲ ಎಂದು ಬರೆದುಕೊಟ್ಟರು. ಆಮೇಲೊಂದು ಬೆಳಗ್ಗೆ ಯಂತ್ರವನ್ನು ತೆರೆದಾಗ ಪರದೆಯ ಮೇಲೆ ಹೊಸ ಪ್ರಶ್ನೆ ಕಾದಿತ್ತು: "ಎರಡನೇ ಗುಂಪಿನ ಮಾದರಿ ಒಂದು ವರ್ಷದಿಂದ ಬಂದಿಲ್ಲ. ತಾಳೆ ನೋಡುವುದು ಬೇಗ ಆಗಲು ಈ ಗುಂಪನ್ನು ಅಳಿಸಲೇ?"

ಕೆಳಗೆ ಎರಡು ಗುಂಡಿಗಳಿದ್ದವು. ಅವಳು ಬೇಡ ಎಂದು ಒತ್ತಿದಳು. ಮರುದಿನ ಅದು ಮತ್ತೆ ಕೇಳಿತು.